ಅಶ್ವಿನಿ ಅಕ್ಕುಂಜಿ: ಗೆಲುವಿನ ಓಟವೂ ಒಂದು ಗುಳಿಗೆಯ ವಿವಾದವೂ

ನಮ್ಮ ಸಂಘದ ಸ್ಮರಣ ಸಂಚಿಕೆಗಳಲ್ಲಿ ಇತಿಹಾಸವೆಂದರೆ ಹೇಮಾವತಿಯ ನೊಳಂಬರು, ರಾಯದುರ್ಗದ ಬೆಟ್ಟದ ಕೋಟೆ, ತಪ್ಪಿದರೆ 1953ರ ಅಕ್ಟೋಬರ್ 1. ಅಂದು ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಕಳಚಿಕೊಂಡು ಆಂಧ್ರಕ್ಕೆ ಸೇರಿದವು. ಮಡಕಶಿರಾ ಅನಂತಪುರ ಜಿಲ್ಲೆಯ ಬೆನ್ನಿಗೇ ಹೋಯಿತು. ಈ ವಿಷಯಗಳ ಮೇಲೆ ನನಗಿಂತ ಚೆನ್ನಾಗಿ ಬಲ್ಲವರು ಹಿಂದೆ ಬರೆದಿದ್ದಾರೆ, ಈ ಸಂಚಿಕೆಯಲ್ಲಿಯೂ ಬರೆದಿದ್ದಾರು. ನಾನು ಆಯ್ದುಕೊಂಡಿರುವುದು ಇನ್ನೂ ಹಳತಾಗದ ಒಂದು ಇತಿಹಾಸವನ್ನು. ಅದರಲ್ಲಿ ಶಾಸನವಿಲ್ಲ, ಕೋಟೆಯಿಲ್ಲ. ಉಡುಪಿ ಜಿಲ್ಲೆಯ ಸಿದ್ದಾಪುರದ ಒಬ್ಬ ಹೆಣ್ಣುಮಗಳ ಓಟವಿದೆ, ಅವಳ ಮೈಯೊಳಗೆ ಸಿಕ್ಕ ಒಂದು ಔಷಧವಿದೆ, ಆ ಔಷಧ ಅಲ್ಲಿಗೆ ಹೇಗೆ ಬಂತೆಂಬ ಬಗ್ಗೆ ಇವತ್ತಿಗೂ ಒಂದಾಗದ ಜನಾಭಿಪ್ರಾಯವಿದೆ.

ಮಡಕಶಿರಾ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೇಷ್ಟರಾಗಿದ್ದವನು ನಾನು. ನಮ್ಮ ಮಕ್ಕಳಿಗೆ ಕರ್ನಾಟಕದ ಗೆಲುವು ಎಂದರೆ ಒಂದು ಬಗೆಯ ಕದ್ದ ಸಂತೋಷ. ಆಡುವುದು ಅನಂತಪುರದ ತಂಡಕ್ಕೆ, ಹೆಸರು ನೋಂದಾಯಿಸುವುದು ಆಂಧ್ರದ ಪಟ್ಟಿಯಲ್ಲಿ. ಹೆಮ್ಮೆ ಪಡುವುದು ಮಾತ್ರ ಗಡಿಯ ಆಚೆಯವರ ಬಗ್ಗೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗಲೂ ಇದೇ ಮಕ್ಕಳ ಅಕ್ಕಂದಿರು ಕುಣಿದಿದ್ದರು. ಎರಡು ಮನೆಯ ಮಕ್ಕಳಿಗೆ ಎರಡು ಹಬ್ಬ.

2010ರ ಅಕ್ಟೋಬರ್ ಅಂತಹ ಒಂದು ಹಬ್ಬ. ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ಬಗ್ಗೆ ಆಗ ಒಳ್ಳೆಯ ಮಾತು ಯಾರ ಬಾಯಲ್ಲಿಯೂ ಇರಲಿಲ್ಲ. ಹಗರಣದ ಸುದ್ದಿಯೇ ಎಲ್ಲ. ಅಂತಹ ಹೊತ್ತಿನಲ್ಲಿ ಅಕ್ಟೋಬರ್ 12ರ ಸಂಜೆ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ಮಹಿಳೆಯರ 4x400 ಮೀಟರ್ ರಿಲೇ ನಡೆಯಿತು. ಮನ್‌ಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್ ಈ ಅನುಕ್ರಮದಲ್ಲಿ ಓಡಿದರು. ಮೂರನೆಯ ಸುತ್ತಿನಲ್ಲಿ ಬೇಟನ್ ಹಿಡಿದ ಅಶ್ವಿನಿ ನೈಜೀರಿಯಾದ ಓಟಗಾರ್ತಿಯನ್ನು ಹಿಂದೆ ಹಾಕಿದ ಆ ಕೆಲವು ಕ್ಷಣಗಳನ್ನು ದೂರದರ್ಶನದಲ್ಲಿ ಕಂಡವರು ಮರೆತಿರಲಾರರು. ಭಾರತ 3 ನಿಮಿಷ 27.77 ಸೆಕೆಂಡಿನಲ್ಲಿ ಗುರಿ ಮುಟ್ಟಿತು. ನೈಜೀರಿಯಾ ಎರಡನೆಯದು, ಇಂಗ್ಲೆಂಡ್ ಮೂರನೆಯದು. 1958ರಲ್ಲಿ ಕಾರ್ಡಿಫ್‌ನಲ್ಲಿ ಮಿಲ್ಖಾ ಸಿಂಗ್ 440 ಗಜದ ಓಟ ಗೆದ್ದ ಮೇಲೆ ಈ ಕೂಟದ ಓಟದ ಪಥದಲ್ಲಿ ಭಾರತಕ್ಕೆ ಚಿನ್ನ ಬಂದದ್ದು ಅದೇ ಮೊದಲು. ನಡುವೆ 52 ವರ್ಷ ಕಳೆದಿತ್ತು.

ಆರು ವಾರ ಕಳೆಯುವುದರಲ್ಲಿ ಚೀನಾದ ಗುವಾಂಗ್‌ಝೌ. ಏಷ್ಯನ್ ಕ್ರೀಡಾಕೂಟದಲ್ಲಿ ನವೆಂಬರ್ 25ರಂದು ಅಶ್ವಿನಿ 400 ಮೀಟರ್ ಹರ್ಡಲ್ಸ್ ಓಟವನ್ನು 56.15 ಸೆಕೆಂಡಿನಲ್ಲಿ ಗೆದ್ದರು. ಈ ಓಟವನ್ನು ಕಾಣದವರಿಗೆ ಒಂದು ಮಾತು. ಪೂರ್ತಿ ಒಂದು ಸುತ್ತು, ಅದರಲ್ಲಿ ಹತ್ತು ಬೇಲಿ, ಒಂದೊಂದೂ 76.2 ಸೆಂಟಿಮೀಟರ್ ಎತ್ತರ, ಬೇಲಿಯಿಂದ ಬೇಲಿಗೆ 35 ಮೀಟರ್. ವೇಗವಷ್ಟೇ ಇದ್ದರೆ ಸಾಲದು, ದಣಿದ ಕಾಲು ಎಣಿಕೆ ತಪ್ಪದೆ ಹೆಜ್ಜೆ ಹಾಕಬೇಕು. ಏಷ್ಯನ್ ಕೂಟದಲ್ಲಿ ಈ ಸ್ಪರ್ಧೆಯನ್ನು ಭಾರತಕ್ಕೆ ಗೆದ್ದುಕೊಟ್ಟವರು ಅವರಿಗೆ ಮೊದಲು ಇಬ್ಬರೇ: 1982ರಲ್ಲಿ ದೆಹಲಿಯಲ್ಲಿ ಎಂ. ಡಿ. ವಲ್ಸಮ್ಮ, 1986ರಲ್ಲಿ ಸೋಲ್‌ನಲ್ಲಿ ಪಿ. ಟಿ. ಉಷಾ. ಅಶ್ವಿನಿಯಾದರೋ ಬೇಲಿ ಹಾರುವ ಓಟವನ್ನು ಗಂಭೀರವಾಗಿ ಹಿಡಿದು ಬಹಳ ಕಾಲವಾಗಿರಲಿಲ್ಲ. ಮರುದಿನ ಅದೇ ನಾಲ್ವರು ರಿಲೇಯನ್ನೂ 3 ನಿಮಿಷ 29.02 ಸೆಕೆಂಡಿನಲ್ಲಿ ಗೆದ್ದರು. ಎರಡು ತಿಂಗಳೊಳಗೆ ಮೂರು ಚಿನ್ನ. ಘಟ್ಟದ ಬುಡದ ಕೃಷಿಕ ಕುಟುಂಬದಿಂದ ಬಂದ, ಆಗಷ್ಟೇ 23 ತುಂಬಿದ ಹುಡುಗಿ.

ನಮ್ಮ ಶಾಲೆಯ ಸೂಚನಾ ಫಲಕದಲ್ಲಿ ಪತ್ರಿಕೆಯ ಆ ಚಿತ್ರವನ್ನು ಅಂಟಿಸಿದವನು ನಾನೇ. ಗಾಜಿಲ್ಲದ ಫಲಕ, ಮಕ್ಕಳು ಬೆರಳಾಡಿಸಿ ಆಡಿಸಿ ಬೇಲಿಯ ಬಣ್ಣ ಅಳಿಸಿಹೋಗಿತ್ತು.

ಮುಂದಿನ ವರ್ಷದ ಜೂನ್ ಕೊನೆಯಲ್ಲಿ ಮತ್ತೊಂದು ಬಗೆಯ ಸುದ್ದಿ ಬರತೊಡಗಿತು. ಮೊದಲು ಸಿನಿ ಜೋಸ್ ಮತ್ತು ಜೌನಾ ಮುರ್ಮು, ಆಮೇಲೆ ಮನ್‌ದೀಪ್ ಕೌರ್ ಮತ್ತು ತಿಯಾನಾ ಮೇರಿ ಥಾಮಸ್, ಜುಲೈ ಮೊದಲ ವಾರದಲ್ಲಿ ಪ್ರಿಯಾಂಕಾ ಪನ್ವಾರ್ ಮತ್ತು ಅಶ್ವಿನಿ. ಆರೂ ಮಂದಿ ಒಂದೇ ಸುತ್ತಿನ ಓಟಗಾರ್ತಿಯರು, ಒಂದೇ ಶಿಬಿರದವರು. ಗುವಾಂಗ್‌ಝೌನಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ಮೂವರು ಆ ಪಟ್ಟಿಯಲ್ಲಿದ್ದರು. ಅಶ್ವಿನಿಯ ಮಾದರಿಯಲ್ಲಿ ಸಿಕ್ಕಿದ್ದು ಮೆಥಾಂಡಿಯನೋನ್ ಎಂಬ ಸ್ಟೀರಾಯ್ಡ್. ಜಪಾನಿನ ಕೋಬೆಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಶುರುವಾಗಲು ಎರಡೋ ಮೂರೋ ದಿನ ಉಳಿದಿತ್ತು. ಅವರನ್ನು ತಂಡದಿಂದ ಕೈಬಿಡಲಾಯಿತು.

ಈ ಮೆಥಾಂಡಿಯನೋನ್ ಹೊಸ ಪದಾರ್ಥವೇನಲ್ಲ. 1950ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಡಯಾನಬಾಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟ ಮಾತ್ರೆ ಇದು. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನನ್ನು ತುಸು ಮಾರ್ಪಡಿಸಿ, ಬಾಯಿಂದ ನುಂಗಿದರೂ ಕೆಲಸ ಮಾಡುವಂತೆ ಸಿದ್ಧಪಡಿಸಿದ್ದು. ಅಮೆರಿಕದ ಭಾರ ಎತ್ತುವವರು ಮೊದಲು ಇದರ ರುಚಿ ಕಂಡರು. ಸ್ನಾಯು ಬೆಳೆಯುತ್ತದೆ, ಅದಕ್ಕಿಂತ ಮುಖ್ಯವಾಗಿ, ಇಂದು ಕಠಿಣ ಅಭ್ಯಾಸ ಮಾಡಿದ ದೇಹ ನಾಳೆಯೇ ಮತ್ತೆ ಅಷ್ಟೇ ಅಭ್ಯಾಸಕ್ಕೆ ಸಿದ್ಧವಾಗುತ್ತದೆ. ಬೆಲೆಯನ್ನು ಯಕೃತ್ತು ತೆರುತ್ತದೆ. ಹೆಣ್ಣುಮಕ್ಕಳಲ್ಲಿ ಧ್ವನಿ ಒರಟಾಗುವುದು, ತಿಂಗಳ ಕ್ರಮ ತಪ್ಪುವುದು ಮೊದಲಾದ ಇನ್ನೂ ಕೆಲವು ಬೆಲೆಗಳಿವೆ. ಪ್ರಯೋಗಶಾಲೆಗಳಿಗೆ ಇದು ಬಹುಕಾಲದ ಪರಿಚಯದ ವಸ್ತು, ಹಿಡಿಯುವುದು ಕಷ್ಟವಲ್ಲ. ಈ ಕಡೆಯ ಮಾತು ಮುಂದಿನ ವಾದಗಳಲ್ಲಿ ಎರಡೂ ಪಕ್ಷದವರಿಗೆ ಆಯುಧವಾಯಿತು.

ಓಟಗಾರ್ತಿಯರು ಕೊಟ್ಟ ವಿವರಣೆ ಹೀಗಿತ್ತು. ತಮ್ಮ ತರಬೇತುದಾರ, ಉಕ್ರೇನಿನ ಯೂರಿ ಒಗೊರೊದ್ನಿಕ್, ಚೀನಾದಲ್ಲಿ ಕೊಂಡ ಜಿನ್‌ಸೆಂಗ್ ಗುಳಿಗೆಗಳನ್ನು ತಮಗೆ ಕೊಟ್ಟರು. ಅದು ಬೇರಿನ ಔಷಧವೆಂದು ನಂಬಿ ನುಂಗಿದೆವು. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದುದು ತಿಳಿದಿರಲಿಲ್ಲ. ನಮ್ಮ ಅಶ್ವಗಂಧದ ಹಾಗೆ ಚೀನಾ, ಕೊರಿಯಾಗಳಲ್ಲಿ ಬಲವರ್ಧಕವೆಂದು ಹೆಸರಾದ ಬೇರು ಜಿನ್‌ಸೆಂಗ್. ಒಗೊರೊದ್ನಿಕ್ ಭಾರತದ ರಿಲೇ ತಂಡದೊಡನೆ ಬಹಳ ವರ್ಷದಿಂದ ಇದ್ದವರು. ಆಗಿನ ಕ್ರೀಡಾ ಸಚಿವ ಅಜಯ್ ಮಾಕನ್ ಅವರನ್ನು ಕೂಡಲೇ ಕೆಲಸದಿಂದ ತೆಗೆದರು. ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿಯನ್ನು ಸರಕಾರ ನೇಮಿಸಿತು.

ಊರೂರಿನಲ್ಲಿ ಜನ ಎರಡು ಪಾಲಾದರು. ನಮ್ಮ ಶಿಕ್ಷಕರ ಕೊಠಡಿಯಲ್ಲಿಯೂ ಅದೇ ಆಯಿತು, ಮತ್ತು ಅಲ್ಲಿ ಕೇಳಿದ ಮಾತುಗಳು ಮುಂದೆ ದೊಡ್ಡವರ ಬಾಯಲ್ಲಿ ಕೇಳಿದ ಮಾತುಗಳಿಗಿಂತ ಕಡಿಮೆಯವೇನೂ ಆಗಿರಲಿಲ್ಲ. ಗಣಿತದ ಮೇಷ್ಟರ ವಾದ: ಒಂದೇ ಶಿಬಿರ, ಒಬ್ಬನೇ ಗುರು, ಒಂದೇ ಔಷಧ, ಒಂದೇ ತಿಂಗಳು, ಆರು ಜನ, ಆರೂ ಮಂದಿ ಬೇರೆಬೇರೆಯಾಗಿ ಕಳ್ಳತನಕ್ಕೆ ಇಳಿದು ಒಂದೇ ಹಳೆಯ, ಸುಲಭವಾಗಿ ಸಿಕ್ಕಿಬೀಳುವ ಮಾತ್ರೆಯನ್ನು ಆರಿಸಿಕೊಂಡರೆಂದರೆ ನಂಬುವುದು ಹೇಗೆ? ಒಂದೇ ಬಾವಿಯ ನೀರು ಕುಡಿದಿದ್ದಾರೆ, ಬಾವಿಯಲ್ಲಿ ವಿಷವಿತ್ತು. ಅದಕ್ಕೆ ನಮ್ಮ ತೆಲುಗು ಪಂಡಿತರ ಉತ್ತರ: ಬಾವಿ ಒಂದೇ ಎಂಬುದರಿಂದ ಕುಡಿದವರಿಗೆ ತಿಳಿದಿರಲಿಲ್ಲವೆಂದು ಹೇಗೆ ಸಿದ್ಧವಾಗುತ್ತದೆ? ಆರು ಜನ ಕೂಡಿ ಮಾಡಿದ ಯೋಜನೆಯಾದರೂ ಸಾಕ್ಷ್ಯ ಇದೇ ಬಗೆಯಲ್ಲಿಯೇ ಕಾಣುತ್ತಿತ್ತು. ಸ್ಪರ್ಧೆ ಇಲ್ಲದ ದಿನಗಳಲ್ಲಿ ಪರೀಕ್ಷೆ ಅಪರೂಪ, ತಪ್ಪಿಸಿಕೊಳ್ಳಬಹುದೆಂಬ ಧೈರ್ಯವಿದ್ದವರು ಹಳೆಯ ಮಾತ್ರೆಯನ್ನೂ ನುಂಗುತ್ತಾರೆ.

ಈ ಎರಡು ವಾದಗಳಲ್ಲಿ ಯಾವುದನ್ನೂ ನಾನು ಇಂದಿಗೂ ಪೂರ್ತಿ ತಳ್ಳಿಹಾಕಲಾರೆ. ಆದರೆ ಇಬ್ಬರೂ ಉತ್ತರಿಸುತ್ತಿದ್ದದ್ದು ಒಂದೇ ಪ್ರಶ್ನೆಗಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ, ಶಿಸ್ತು ಮಂಡಳಿಯ ತೀರ್ಪು ಪತ್ರಿಕೆಗಳಲ್ಲಿ ಬಂದಾಗ. ಔಷಧ ದೇಹದಲ್ಲಿ ಇತ್ತೇ ಎಂಬುದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಬಂದಾಗಿತ್ತು. ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆಕೆ ಮೋಸ ಮಾಡಿದಳೇ ಎಂಬುದು ಇನ್ನೊಂದು ಪ್ರಶ್ನೆ. ಜನ ಕಚ್ಚಾಡಿದ್ದು ಇದಕ್ಕಾಗಿ. ನಿಯಮ ಕೇಳುವುದೋ ಈ ಎರಡರ ನಡುವಿನ ಮೂರನೆಯದೊಂದನ್ನು: ಔಷಧ ಒಳಹೋಗದಂತೆ ಆಕೆ ಎಷ್ಟು ಎಚ್ಚರ ವಹಿಸಿದ್ದಳು?

ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ, ಅಂದರೆ ವಾಡಾ, ಸ್ಥಾಪನೆಯಾದದ್ದು 1999ರಲ್ಲಿ. ನಮ್ಮ ದೇಶದ ನಾಡಾ ಅದರ ಮಾದರಿಯಲ್ಲಿ ಬಂದದ್ದು. ಇವುಗಳ ಸಂಹಿತೆಯ ಬೆನ್ನೆಲುಬು ಒಂದೇ ಸೂತ್ರ: ತನ್ನ ದೇಹದಲ್ಲಿ ಏನಿದೆಯೋ ಅದಕ್ಕೆಲ್ಲ ಕ್ರೀಡಾಪಟುವೇ ಹೊಣೆ. ಯಾರು ಕೊಟ್ಟರು, ಏನೆಂದು ಹೇಳಿ ಕೊಟ್ಟರು ಎಂಬುದು ತಪ್ಪನ್ನು ಅಳಿಸುವುದಿಲ್ಲ, ಶಿಕ್ಷೆಯನ್ನು ತಗ್ಗಿಸಲು ಮಾತ್ರ ನೆರವಾದೀತು. ಆ ಕಾಲದ ನಿಯಮದಂತೆ ಮೊದಲ ತಪ್ಪಿಗೆ ಎರಡು ವರ್ಷ ನಿಷೇಧ. ಔಷಧ ಹೇಗೆ ಒಳಹೊಕ್ಕಿತೆಂದು ತೋರಿಸಿ, ತನ್ನದು ಗಣನೀಯ ಅಜಾಗರೂಕತೆಯಲ್ಲವೆಂದು ಸಿದ್ಧಪಡಿಸಿದರೆ ಅರ್ಧದಷ್ಟು ಕಡಿತ ಸಿಗಬಹುದಿತ್ತು. ನಾಡಾದ ಶಿಸ್ತು ಮಂಡಳಿ 2011ರ ಡಿಸೆಂಬರ್ 23ರಂದು ಆರೂ ಮಂದಿಗೆ ಒಂದು ವರ್ಷ ವಿಧಿಸಿತು. ಅಂದರೆ ಜಿನ್‌ಸೆಂಗ್‌ನ ವಿವರಣೆಯನ್ನು ಅದು ಒಪ್ಪಿತು, ಅರ್ಧ ರಿಯಾಯಿತಿಯನ್ನೂ ಕೊಟ್ಟಿತು. ಮೇಲ್ಮನವಿ ಮಂಡಳಿಯೂ ಅದನ್ನೇ ಎತ್ತಿಹಿಡಿಯಿತು. ಆ ಲೆಕ್ಕದಲ್ಲಿ ನಿಷೇಧ 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸ್ ಶುರುವಾಗುವ ಹೊತ್ತಿಗೆ, ಮುಗಿಯುತ್ತಿತ್ತು.

ಇಷ್ಟಕ್ಕೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಸುಮ್ಮನಾಗಲಿಲ್ಲ. ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಹೋಯಿತು. ಆ ನ್ಯಾಯಾಲಯ 2012ರಲ್ಲಿ ಆರೂ ಮಂದಿಯ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಬೇರೊಂದು ದೇಶದಲ್ಲಿ ಕೊಂಡ ಗುಳಿಗೆಯನ್ನು ಗುರುವಿನ ಮಾತಿನ ಮೇಲೆ ನುಂಗುವುದು ಅಂತರರಾಷ್ಟ್ರೀಯ ಮಟ್ಟದ ಕ್ರೀಡಾಪಟುವಿಗೆ ಸಾಕಾದ ಎಚ್ಚರವಲ್ಲ ಎಂಬುದೇ ಅದರ ಸಾರ. ಲಂಡನ್ ತಪ್ಪಿತು. ಅಶ್ವಿನಿ ಪಥಕ್ಕೆ ಮರಳಲು 2013ರ ಜುಲೈವರೆಗೆ ಕಾಯಬೇಕಾಯಿತು. ಬೇಲಿ ಹಾರುವವರ ಜೀವನದಲ್ಲಿ 23ರಿಂದ 25ರವರೆಗಿನ ಎರಡು ವರ್ಷ ಎಂದರೆ ಏನೆಂದು ಓಡಿದವರಿಗೆ ಗೊತ್ತು.

ಈ ತೀರ್ಪಿನ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಿಷೇಧ ಸರಿಯೇ ಇತ್ತು. 'ನನಗೆ ತಿಳಿದಿರಲಿಲ್ಲ' ಎಂಬ ಮಾತೊಂದೇ ಬಿಡುಗಡೆ ಕೊಡುವುದಾದರೆ ಪ್ರತಿಯೊಬ್ಬ ಗುರುವೂ ಶಿಷ್ಯರಿಗೆ ತಿಳಿಯದಂತೆ ಕೊಡುವ ಕಲೆಯನ್ನು ಕಲಿತುಬಿಡುತ್ತಾನೆ. ಅದನ್ನು ಒಂದು ದೇಶವೇ ಮಾಡಿ ತೋರಿಸಿದೆ. ಪೂರ್ವ ಜರ್ಮನಿಯಲ್ಲಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಈಜುವ, ಓಡುವ ಎಳೆಯ ಹುಡುಗಿಯರಿಗೆ ವಿಟಮಿನ್ ಎಂದು ಹೇಳಿ ನೀಲಿ ಮಾತ್ರೆ ನುಂಗಿಸುತ್ತಿದ್ದರು. ಅದೂ ಮೆಥಾಂಡಿಯನೋನ್‌ನ ಬಂಧುವೇ. ಗೋಡೆ ಬಿದ್ದ ಮೇಲೆ ಕಡತಗಳು ಹೊರಬಂದವು. 2000ದಲ್ಲಿ ಆ ದೇಶದ ಕ್ರೀಡಾಡಳಿತದ ಮುಖ್ಯಸ್ಥನಾಗಿದ್ದ ಮಾನ್‌ಫ್ರೆಡ್ ಎವಾಲ್ಡ್ ನ್ಯಾಯಾಲಯದಲ್ಲಿ ಅಪರಾಧಿಯೆಂದು ಸಾಬೀತಾದ. ಆ ಹುಡುಗಿಯರು ಗೆದ್ದ ಪದಕಗಳು ಇಂದಿಗೂ ಅವರ ಹೆಸರಿನಲ್ಲಿಯೇ ಇವೆ; ಅವರಲ್ಲಿ ಹಲವರ ಆರೋಗ್ಯ ಮಾತ್ರ ಹೋಯಿತು.

ಆದರೆ ಇದೇ ಉದಾಹರಣೆಯ ಇನ್ನೊಂದು ಮುಖವನ್ನೂ ನೋಡಬೇಕು. ಅಲ್ಲಿ ಕಟಕಟೆಯಲ್ಲಿ ನಿಂತವರು ಕೊಟ್ಟವರು, ನುಂಗಿದವರಲ್ಲ. ನಮ್ಮಲ್ಲಿ ಗುರು ಕೆಲಸ ಕಳೆದುಕೊಂಡು ಹೊರಟುಹೋದರು. ಆರು ಹೆಣ್ಣುಮಕ್ಕಳು ಆರು ಕಟ್ಟಳೆಯ ಮುಂದೆ ನಿಂತರು. ಹಳ್ಳಿಯ ಹುಡುಗಿ ಕ್ರೀಡಾ ವಸತಿಗೃಹಕ್ಕೆ ಬರುತ್ತಾಳೆ, ಅಲ್ಲಿಂದ ಪಟಿಯಾಲದ ಹಳೆಯ ಅರಮನೆಯಲ್ಲಿರುವ ರಾಷ್ಟ್ರೀಯ ಶಿಬಿರಕ್ಕೆ ಹೋಗುತ್ತಾಳೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಎಷ್ಟು ಓಡಬೇಕು ಎಲ್ಲವನ್ನೂ ನಿರ್ಧರಿಸುವವನು ಒಬ್ಬನೇ. ಅವನು ಹೇಳಿದಂತೆ ಕೇಳಿದ್ದರಿಂದಲೇ ಅವಳು ದೆಹಲಿಯಲ್ಲಿ, ಗುವಾಂಗ್‌ಝೌನಲ್ಲಿ ಗೆದ್ದಿದ್ದಾಳೆ. ಆಮೇಲೊಂದು ದಿನ ಅವನೇ ಅಂಗೈ ಮೇಲೆ ಗುಳಿಗೆ ಇಟ್ಟರೆ ಪ್ರಯೋಗಶಾಲೆಯ ವರದಿ ತಂದು ತೋರಿಸು ಎಂದು ಕೇಳುವ ಧೈರ್ಯವನ್ನು ಅವಳಿಗೆ ಕಲಿಸಿದವರು ಯಾರು? ನಾನಂತೂ ಮೂವತ್ತು ವರ್ಷ ಪಾಠ ಹೇಳಿದವನು, ನನ್ನ ಯಾವ ವಿದ್ಯಾರ್ಥಿಗೂ ಕಲಿಸಲಿಲ್ಲ. ಗುರುವಿನ ಮಾತಿಗೆ ಎದುರಾಡಬಾರದೆಂದೇ ಕಲಿಸಿದೆ.

ಇಂತಹ ವಿವಾದ ನಮ್ಮ ಬಡದೇಶಕ್ಕೆ ಮಾತ್ರ ಅಂಟಿದ್ದು ಎಂದು ಯಾರೂ ಭಾವಿಸಬಾರದು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಬ್ಯಾರಿ ಬಾಂಡ್ಸ್ ಎಂಬ ಆಟಗಾರನಿದ್ದಾನೆ. ನಮ್ಮ ಕ್ರಿಕೆಟಿನ ಸಿಕ್ಸರಿಗೆ ಹತ್ತಿರವಾದದ್ದು ಆ ಆಟದ 'ಹೋಮ್ ರನ್'. 2001ರಲ್ಲಿ ಒಂದೇ ಋತುವಿನಲ್ಲಿ 73, ವೃತ್ತಿಜೀವನದಲ್ಲಿ ಒಟ್ಟು 762, ಎರಡೂ ದಾಖಲೆ. ಈ ಎರಡನೆಯದಕ್ಕಾಗಿ ಅವನು ಹ್ಯಾಂಕ್ ಆರನ್ ಎಂಬ ಮಹಾ ಆಟಗಾರನ 755ನ್ನು 2007ರಲ್ಲಿ ದಾಟಿದ. ಅಷ್ಟರಲ್ಲಿ ಬಾಲ್ಕೋ ಎಂಬ ಸಂಸ್ಥೆಯ ಸ್ಟೀರಾಯ್ಡ್ ಹಗರಣದಲ್ಲಿ ಅವನ ಹೆಸರು ಕೇಳಿಬಂದಿತ್ತು. 2003ರಲ್ಲಿ ವಿಚಾರಣಾ ಮಂಡಳಿಯ ಮುಂದೆ ಅವನು ಹೇಳಿದ್ದಾಗಿ ವರದಿಯಾದ ಮಾತನ್ನು ಓದಿದಾಗ ನನಗೆ ಸಿದ್ದಾಪುರದ ಹುಡುಗಿಯ ನೆನಪಾಯಿತು: ತರಬೇತುದಾರ ಕೊಟ್ಟದ್ದನ್ನು ತಾನು ಅಗಸೆ ಎಣ್ಣೆ ಮತ್ತು ಕೀಲುನೋವಿನ ಲೇಪ ಎಂದುಕೊಂಡಿದ್ದೆ! ಅಲ್ಲಿ ಅಗಸೆ ಎಣ್ಣೆ, ಇಲ್ಲಿ ಜಿನ್‌ಸೆಂಗ್. ಕೋಟ್ಯಧೀಶನಾದ, ವಕೀಲರ ಪಡೆಯನ್ನೇ ಇಟ್ಟುಕೊಂಡ ಆಟಗಾರನ ಬಾಯಲ್ಲಿ ಈ ಮಾತು ಬೇರೆಯಾಗಿ ಕೇಳುತ್ತದೆ, ಕೃಷಿಕನ ಮಗಳ ಬಾಯಲ್ಲಿ ಬೇರೆಯಾಗಿ ಕೇಳುತ್ತದೆ. ಹಾಗೆ ಕೇಳುವುದು ನ್ಯಾಯವೇ ಪಕ್ಷಪಾತವೇ ಎಂಬುದನ್ನು ನಾನು ತೀರ್ಮಾನಿಸಿಲ್ಲ.

ಬಾಂಡ್ಸ್‌ಗೆ ಲೀಗಿನಿಂದ ಒಂದು ದಿನದ ನಿಷೇಧವೂ ಆಗಲಿಲ್ಲ. ವಿಚಾರಣೆಗೆ ಅಡ್ಡಿಪಡಿಸಿದನೆಂದು 2011ರಲ್ಲಿ ಆದ ಶಿಕ್ಷೆಯೂ 2015ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ರದ್ದಾಯಿತು. ಜನ ಬೇರೆ ದಾರಿಯಲ್ಲಿ ಶಿಕ್ಷಿಸಿದರು. ಆಟದ ಕೀರ್ತಿಮಂದಿರಕ್ಕೆ ಆಯ್ಕೆಯಾಗಲು ಪತ್ರಕರ್ತರ ನೂರಕ್ಕೆ 75 ಮತ ಬೇಕು. ಹತ್ತು ವರ್ಷ ಹತ್ತು ಸಲ ಮತ ಹಾಕಿ, 2022ರ ಕಡೆಯ ಸಲಕ್ಕೆ ಅವನನ್ನು 66ರ ಬಳಿ ನಿಲ್ಲಿಸಿದರು. ಆರನ್‌ನ ದಾಖಲೆ ಮುರಿದ ಚೆಂಡನ್ನು ಹರಾಜಿನಲ್ಲಿ ಕೊಂಡ ಒಬ್ಬ ಉಡುಪು ವ್ಯಾಪಾರಿ, ಅದನ್ನೇನು ಮಾಡಬೇಕೆಂದು ಜನರ ಮತ ಕೇಳಿದ. ಹೆಚ್ಚಿನವರ ಆಸೆಯಂತೆ ಅದರ ಮೇಲೆ ಒಂದು ನಕ್ಷತ್ರ ಚಿಹ್ನೆ ಕೊರೆಸಿ ಕೀರ್ತಿಮಂದಿರಕ್ಕೇ ಕಳಿಸಿದ. ಆಟಗಾರನಿಗೆ ಪ್ರವೇಶವಿಲ್ಲದ ಮಂದಿರದಲ್ಲಿ ಅವನ ಚೆಂಡಿದೆ, ಕೊರೆದ ನಕ್ಷತ್ರದೊಡನೆ.

ನಮ್ಮಲ್ಲಿ ನಕ್ಷತ್ರ ಕೊರೆಯುವ ಪದ್ಧತಿಯಿಲ್ಲ, ಕೊರೆಯುವ ಮಾತಿದೆ. ಅಶ್ವಿನಿಯ 2010ರ ಪದಕಗಳನ್ನು ಯಾರೂ ಹಿಂತೆಗೆದುಕೊಂಡಿಲ್ಲ. ತೆಗೆದುಕೊಳ್ಳಲು ಆಧಾರವೂ ಇರಲಿಲ್ಲ, ಏಕೆಂದರೆ ಸಿಕ್ಕಿದ್ದು 2011ರ ಮಾದರಿ. ಅಧಿಕೃತ ಪಟ್ಟಿಯಲ್ಲಿ ಆ ಮೂರೂ ಚಿನ್ನ ಅವರ ಹೆಸರಿನಲ್ಲಿಯೇ ಇವೆ. ಹಾಗಿದ್ದೂ ಆ ವರ್ಷ ಎಷ್ಟೋ ಜನ 'ಆಗಲೂ ತಿಂದಿರಬೇಕು' ಎಂದರು. ಇದು ಸಾಕ್ಷ್ಯವಿಲ್ಲದ ಮಾತು. ಅನುಮಾನ ಹುಟ್ಟುವುದು ಸಹಜ, ಹುಟ್ಟಬೇಡವೆಂದು ಯಾರೂ ಹೇಳಲಾಗದು. ಆದರೆ ಅನುಮಾನವನ್ನು ತೀರ್ಪಿನ ಧ್ವನಿಯಲ್ಲಿ ಆಡಿದರೆ ಅದು ಇತಿಹಾಸವಲ್ಲ. ಮತ್ತೊಂದು ಪಕ್ಷದವರು, ಅದರಲ್ಲಿಯೂ ಕರ್ನಾಟಕದ ಅಭಿಮಾನಿಗಳು, 'ನಮ್ಮ ಹುಡುಗಿಯನ್ನು ಬೇಕೆಂದೇ ಸಿಕ್ಕಿಸಿದರು' ಎಂದರು. ಇದಕ್ಕೂ ಅಷ್ಟೇ ಸಾಕ್ಷ್ಯ. ಆರು ಮಂದಿಯಲ್ಲಿ ಪಂಜಾಬಿನವರಿದ್ದರು, ಕೇರಳದವರಿದ್ದರು, ಒಡಿಶಾದವರಿದ್ದರು. ಒಬ್ಬಳನ್ನೇ ಗುರಿಯಿಟ್ಟ ಪಿತೂರಿ ಎಲ್ಲಿ ಬಂತು?

ಮುಂದಿನ ಕಥೆ ಈ ಎರಡು ಪಕ್ಷಗಳ ಯಾವೊಂದಕ್ಕೂ ಅನುಕೂಲವಾಗಿ ನಡೆಯಲಿಲ್ಲ. ಅದೇ ಆರರಲ್ಲಿದ್ದ ಪ್ರಿಯಾಂಕಾ ಮತ್ತು ಮನ್‌ದೀಪ್ ನಿಷೇಧ ಮುಗಿಸಿ ಬಂದು 2014ರ ಇಂಚಾನ್ ಏಷ್ಯನ್ ಕೂಟದಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಮಾತ್ರೆಯಿಲ್ಲದೆಯೂ ಓಡಬಲ್ಲರೆಂದು ಹೇಳಲು ಅಭಿಮಾನಿಗಳಿಗೆ ಅದಕ್ಕಿಂತ ಒಳ್ಳೆಯ ಪುರಾವೆ ಇರಲಿಲ್ಲ. ಆದರೆ 2016ರಲ್ಲಿ ಪ್ರಿಯಾಂಕಾ ಬೇರೊಂದು ಪದಾರ್ಥಕ್ಕೆ ಮತ್ತೆ ಸಿಕ್ಕಿಬಿದ್ದು ಎಂಟು ವರ್ಷದ ನಿಷೇಧಕ್ಕೆ ಗುರಿಯಾದರು. ಇಂಚಾನ್‌ನ ಅದೇ ತಂಡದಲ್ಲಿದ್ದ ನಮ್ಮ ಕರಾವಳಿಯ ಇನ್ನೊಬ್ಬ ಓಟಗಾರ್ತಿ ಎಂ. ಆರ್. ಪೂವಮ್ಮ. ಅವರ 2021ರ ಮಾದರಿಯಲ್ಲಿ ಮೀಥೈಲ್‌ಹೆಕ್ಸೇನಮೀನ್ ಎಂಬ ಉತ್ತೇಜಕ ಸಿಕ್ಕಿತು. ಶಿಸ್ತು ಮಂಡಳಿ ಮೂರು ತಿಂಗಳ ನಿಷೇಧ ಸಾಕೆಂದಿತು. ಮೇಲ್ಮನವಿಯಲ್ಲಿ, 2022ರಲ್ಲಿ, ಅದು ಎರಡು ವರ್ಷವಾಯಿತು. ಕೆಳಗಿನ ಮಂಡಳಿ ಕನಿಕರದಿಂದ ನೋಡುವುದು, ಮೇಲಿನದು ನಿಯಮದಿಂದ ಅಳೆಯುವುದು, ಹತ್ತು ವರ್ಷದ ಅಂತರದಲ್ಲಿ ಅದೇ ಕ್ರಮ ಮರುಕಳಿಸಿತು. ಒಬ್ಬರ ತಪ್ಪನ್ನು ತೋರಿಸಿ ಇನ್ನೊಬ್ಬರನ್ನು ಅಳೆಯಬಾರದು. ಪ್ರಿಯಾಂಕಾರ ಎರಡನೆಯ ಪ್ರಕರಣ ಅಶ್ವಿನಿಯ ಮೊದಲನೆಯ ಪ್ರಕರಣಕ್ಕೆ ಸಾಕ್ಷ್ಯವಾಗದು. ಆದರೂ ಮನಸ್ಸು ಹಾಗೆ ಅಳೆಯುತ್ತದೆ, ನನ್ನದೂ ಒಮ್ಮೆ ಅಳೆಯಿತು.

ಫಲಕದ ಚಿತ್ರದ ವಿಷಯ ಹೇಳದೆ ಬಿಟ್ಟೆ. 2011ರ ಜುಲೈನಲ್ಲಿ ಅದನ್ನು ತೆಗೆಯಬೇಕೆಂದು ಕೆಲವರು ಹೇಳಿದರು, ಮಕ್ಕಳಿಗೆ ತಪ್ಪು ಮಾದರಿಯಾಗುತ್ತದೆ ಎಂಬ ಕಾರಣಕ್ಕೆ. ತೆಗೆದರೆ ನಾವೇ ತೀರ್ಪು ಕೊಟ್ಟಂತಾಗುತ್ತದೆ ಎಂದು ಗಣಿತದ ಮೇಷ್ಟರು ಹಟ ಹಿಡಿದರು. ನಾನು ಹೇಡಿಯಂತೆ, ಅದರ ಮೇಲೆ ಅರ್ಧವಾರ್ಷಿಕ ಪರೀಕ್ಷೆಯ ವೇಳಾಪಟ್ಟಿಯನ್ನು ಅಂಟಿಸಿದೆ.

ಈಗ ನಿವೃತ್ತನಾಗಿ ರಾಯದುರ್ಗದಲ್ಲಿದ್ದೇನೆ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ನಮ್ಮ ಎರಡು ಊರುಗಳ ನಡುವೆ ಇನ್ನೊಂದು ಗೆರೆ ಬಿದ್ದಿದೆ. ಮಕ್ಕಳು ಮೊದಲಿಗಿಂತ ಹೆಚ್ಚಾಗಿ ಮೈದಾನಕ್ಕೆ ಬರುತ್ತಿದ್ದಾರೆ. ಅನಂತಪುರದಲ್ಲಿ ಆರ್‌ಡಿಟಿಯ ಕ್ರೀಡಾ ಗ್ರಾಮ ಬಂದ ಮೇಲೆ ಹಳ್ಳಿಯ ತಂದೆತಾಯಿಗಳಿಗೂ ಆಟದಿಂದ ಏನಾದರೂ ಆದೀತೆಂಬ ಆಸೆ ಹುಟ್ಟಿದೆ. ಕಳೆದ ವರ್ಷ ನಮ್ಮ ಬೀದಿಯ ಒಬ್ಬ ತಾಯಿ ಒಂದು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಮಗಳು 400 ಮೀಟರ್ ಓಡುತ್ತಾಳೆ. ಓಟ ಕಲಿಸುವವರು ಪುಡಿ ತೆಗೆದುಕೋ ಎಂದಿದ್ದರಂತೆ. ಬಳ್ಳಾರಿಯ ಅಂಗಡಿಯಿಂದ ತಂದದ್ದು, ಅವರ ಅರ್ಧ ತಿಂಗಳ ಕೂಲಿ. 'ಇದರಲ್ಲಿ ಏನೇನಿದೆ ಓದಿ ಹೇಳ್ರಿ ಸಾರ್' ಎಂದಳು.

ಕನ್ನಡಕ ಹಾಕಿಕೊಂಡು ಕೂತೆ. ಎಲ್ಲ ಇಂಗ್ಲಿಷು, ಎಳ್ಳಿಗಿಂತ ಸಣ್ಣ ಅಕ್ಷರ, ಇಪ್ಪತ್ತಕ್ಕೂ ಹೆಚ್ಚು ಹೆಸರು. ಹಾಲಿನ ಪುಡಿಯಂಥದ್ದು, ಸಕ್ಕರೆಯಂಥದ್ದು, ಕೆಲವು ವಿಟಮಿನ್ ಗೊತ್ತಾಯಿತು. ಒಂದು ಸಾಲಿನಲ್ಲಿ ಮಾತ್ರ ಹೆಸರೇ ಇರಲಿಲ್ಲ. ಇದು ನಮ್ಮದೇ ವಿಶೇಷ ಮಿಶ್ರಣ ಎಂದಷ್ಟೇ ಬರೆದಿತ್ತು. ಅಲ್ಲಿ ಬೆರಳಿಟ್ಟು ಇದೇನೆಂದು ನನಗೂ ತಿಳಿಯದು ಎಂದೆ. ಹೋಗಿ ಕೇಳಿಕೊಂಡು ಬಾ ಎಂದು ಹುಡುಗಿಗೂ ಹೇಳಿ ಕಳಿಸಿದೆ. ಅವಳು ಕೇಳಿದಳು. ಕಲಿಸುವವರು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಮೂರನೆಯ ದಿನ, ಬೇಡವಾದರೆ ಬಿಡು ಎಂದರಂತೆ. ಶೇಂಗಾ, ಬೆಲ್ಲ, ಮೊಟ್ಟೆ ತಿಂದುಕೊಂಡು ಓಡುತ್ತಿದ್ದಾಳೆ. ಅಂಗಡಿಯವನು ಡಬ್ಬಿ ವಾಪಸು ತೆಗೆದುಕೊಳ್ಳಲಿಲ್ಲ. ಅದು ನನ್ನ ಪುಸ್ತಕದ ಕಪಾಟಿನ ಮೇಲಿನ ಅರೆಯಲ್ಲಿ, ಮೊಹರು ಒಡೆಯದೆ ಇದೆ.